ಬಾರಿಸುವವರು, ಮಾತನಾಡುವವರು

ಟಿಕೆಟ್ ಯಂತ್ರವನ್ನು ಕೊರಳಿಗೆ ಹಾಕಿಕೊಂಡೇ ಒಬ್ಬ ಬಸ್ ಕಂಡಕ್ಟರ್ ನಮ್ಮ ಶಾಲೆಯ ವಿಜ್ಞಾನ ಕೋಣೆಯ ಬಾಗಿಲಿಗೆ ಬಂದು ನಿಂತರು. ಮುಖ ಗುರುತಿನದೇ. ವಿಜಯಪುರದಿಂದ ತಿಕೋಟಾಕ್ಕೆ ನಾನು ದಿನಾ ಬರುವ ಬೆಳಗಿನ ಬಸ್ಸು ಅವರದು. ನಾಲ್ಕು ವರ್ಷದಿಂದ ಅವರ ಕೈಯಿಂದಲೇ ಟಿಕೆಟ್ ತೆಗೆದುಕೊಂಡಿದ್ದೇನೆ. "ನಮಸ್ಕಾರ್ರಿ ಟೀಚರ್" ಎಂದು ಅವರು, "ನಮಸ್ಕಾರ್ರಿ" ಎಂದು ನಾನು. ನಮ್ಮ ಪರಿಚಯ ಇಷ್ಟೇ. ಅವತ್ತು ಬೆಳಿಗ್ಗೆ ಟಿಕೆಟ್ ಕೊಡುವಾಗ ಅವರು ನಮಸ್ಕಾರ ಹೇಳಿರಲಿಲ್ಲ. ಅದು ನನಗೆ ಹೊಳೆದದ್ದು ಅವರು ಬಾಗಿಲಲ್ಲಿ ನಿಂತ ಮೇಲೆ.

"ಗಾಡಿ ಹತ್ತ ನಿಮಿಷ ನಿಲ್ಲತೈತ್ರಿ. ಅಷ್ಟರಾಗ ಒಂದ ಮಾತು ಕೇಳಿ ಹೋಗತೇನಿ," ಎಂದರು. "ಎಂಟನೇ ವರ್ಗದಾಗ ನನ್ನ ಮಗಳು ಅದಾಳ. ಆಕಿಗೆ ಡಬ್ಬಿ ಬಡಿಯಾಕ ಹಚ್ಚೀರಂತ. ಖರೇ ಏನ್ರಿ?"

ಯಾವ ಹುಡುಗಿ ಎಂದು ಕೇಳಿದೆ. ಹೇಳಿದರು. ಬಾರಿಸುವ ಮಕ್ಕಳಲ್ಲಿ ಎಲ್ಲರಿಗಿಂತ ಮುಂದಿದ್ದವಳು. ಅವಳ ಅಪ್ಪ ಇವರೇ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

"ಡಬ್ಬಿ ಅಲ್ರಿ ಅದು. ಸ್ಟೀಲ್ ಪ್ಯಾನ್ ಅಂತ. ಟ್ರಿನಿಡಾಡ್ ದೇಶದ ವಾದ್ಯ," ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಡಬ್ಬಿ ಎಂಬ ಮಾತು ಕೇಳಿಯೇ ಅದು ಇಳಿದು ಬಂದಿತ್ತು.

ಆ ವಾದ್ಯ ನಮ್ಮ ಶಾಲೆಗೆ ಬಂದ ಬಗೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಬೇರೆ ಬೇರೆ ದೇಶಗಳ ವಾದ್ಯಗಳನ್ನು ಮಕ್ಕಳಿಗೆ ಪರಿಚಯಿಸುವ ಸಂಸ್ಥೆಯೊಂದು ನಮ್ಮ ಭಾಗದ ಮೂರು ಶಾಲೆಗಳಿಗೆ ನಾಲ್ಕು ನಾಲ್ಕು ಪ್ಯಾನುಗಳನ್ನು ಆರು ವಾರದ ಮಟ್ಟಿಗೆ ಕೊಟ್ಟಿತ್ತು. ಕೊನೆಗೆ ಬಬಲೇಶ್ವರದಲ್ಲಿ ಮೂರೂ ಶಾಲೆಗಳ ಕಾರ್ಯಕ್ರಮ. ಪ್ರತಿ ಶಾಲೆಯ ಮಕ್ಕಳೂ ಒಂದು ಧಾಟಿ ಬಾರಿಸಬೇಕು, ಒಂದು ಮಗು ಆ ವಾದ್ಯ ಹುಟ್ಟಿದ ಕಥೆ ಹೇಳಬೇಕು. ನಮ್ಮಲ್ಲಿ ಸಂಗೀತ ಶಿಕ್ಷಕರಿಲ್ಲ. ದೈಹಿಕ ಶಿಕ್ಷಕರು ಕ್ರೀಡಾಕೂಟವಿದೆ ಎಂದು ಜಾರಿಕೊಂಡರು, ಕನ್ನಡದವರು ಪರೀಕ್ಷೆ ಹತ್ತಿರ ಬಂತು ಎಂದರು. "ವಿಜ್ಞಾನದಾಗ ಶಬ್ದ ಅಂತ ಒಂದ ಪಾಠ ಐತೆಲ್ರಿ ಮೇಡಂ. ನೀವ ನೋಡ್ಕೋರಿ," ಎಂದು ಹೆಡ್‌ಮಾಸ್ತರರು ನನ್ನ ಕೊರಳಿಗೆ ಕಟ್ಟಿದರು.

ಬೇಡವೆನ್ನಲಿಲ್ಲ. ಒಳಗೊಳಗೇ ಖುಷಿಯೇ ಆಗಿತ್ತು. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಮ್ಮಪ್ಪನದು ಪಾತ್ರೆ ಭಾಂಡೆ ಅಂಗಡಿ. ಗಿರಾಕಿಗೆ ಕೊಡಪಾನ ಕೊಡುವ ಮುಂಚೆ ಅವರು ಬೆರಳ ಗೆಣ್ಣಿನಿಂದ ಟಣ್ ಎನಿಸಿ, ಆ ದನಿ ಸಾಯುವವರೆಗೂ ಕಿವಿಗೊಡುತ್ತಿದ್ದರು. ಕೂದಲೆಳೆಯಷ್ಟು ಬಿರುಕಿದ್ದರೂ ಅವರಿಗೆ ಗೊತ್ತಾಗುತ್ತಿತ್ತು. ಲೋಹದ ದನಿ ಕೇಳಿ ಬೆಳೆದ ನನಗೆ ಇದೇನು ಮಹಾ ಎಂಬ ಜಂಬ ಇತ್ತು.

ಪ್ಯಾನುಗಳನ್ನು ಹೊರಗೆ ತೆಗೆದ ದಿನ ಮಕ್ಕಳು ಮುಸುರಿಬಿಟ್ಟರು. "ಟೀಚರ್, ಇದು ನಮ್ಮ ದ್ರಾಕ್ಷಿ ತೋಟದಾಗಿನ ಬ್ಯಾರಲ್ ಅಲ್ಲೇನ್ರಿ?" ಎಂದು ಒಬ್ಬ ಕೇಳಿದ. ತಪ್ಪೇನೂ ಹೇಳಿರಲಿಲ್ಲ. ಎಣ್ಣೆಯ ಬ್ಯಾರಲ್ಲಿನ ತಳವನ್ನು ಸುತ್ತಿಗೆಯಿಂದ ಬಡಿದು ಬಡಿದು ಬೋಗುಣಿಯ ಹಾಗೆ ತಗ್ಗು ಮಾಡಿ, ಆ ತಗ್ಗಿನಲ್ಲಿ ಸಣ್ಣವು ದೊಡ್ಡವು ಉಬ್ಬುಗಳನ್ನು ಎಬ್ಬಿಸಿರುತ್ತಾರೆ. ಒಂದೊಂದು ಉಬ್ಬಿಗೆ ಒಂದೊಂದು ಸ್ವರ. ತುದಿಗೆ ರಬ್ಬರ್ ಸುತ್ತಿದ ಗಿಡ್ಡ ಕೋಲಿನಿಂದ ಮುಟ್ಟಿ, ಮುಟ್ಟಿದ ಕೂಡಲೇ ಎತ್ತಬೇಕು. ಒತ್ತಿ ಹಿಡಿದರೆ ದನಿ ಸತ್ತುಹೋಗುತ್ತದೆ. ಜೋರಾಗಿ ಹೊಡೆದರೆ ಉಬ್ಬು ಕದಲಿ ಶ್ರುತಿ ಕೆಡುತ್ತದೆ. ಕೆಟ್ಟರೆ ರಿಪೇರಿ ಮಾಡುವವರು ನಮ್ಮ ಜಿಲ್ಲೆಯಲ್ಲಿ ಯಾರೂ ಇಲ್ಲ. ವಿಜಯಪುರದ ಸೊಲ್ಲಾಪುರ ರಸ್ತೆಯ ಗುಜರಿಗಳಲ್ಲಿ ದಿನವಿಡೀ ಬ್ಯಾರಲ್ ಬಡಿದು ಚಪ್ಪಟೆ ಮಾಡುವವರಿದ್ದಾರೆ, ಆದರೆ ಅವರದು ಬೇರೆ ಬಡಿತ. ಹೆಚ್ಚುವರಿ ಕೋಲುಗಳಿಗೆ ಬೇಕಾದ ಸೈಕಲ್ ಟ್ಯೂಬನ್ನು ಮಾತ್ರ ಅಲ್ಲಿಂದ ತಂದೆ.

ಸಂಸ್ಥೆಯ ಕಡೆಯಿಂದ ಒಬ್ಬ ಯುವತಿ ಬಂದು ಎರಡು ದಿನ ಇದ್ದು ಎಂಟು ಸಾಲಿನ ಒಂದು ಧಾಟಿ ಕಲಿಸಿ ಹೋದಳು. ಕಥೆಯನ್ನೂ ಹೇಳಿದಳು. ಆ ದ್ವೀಪದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮರಿಮಕ್ಕಳು ಡೋಲು ಬಾರಿಸುತ್ತಿದ್ದರು. ಆಳುವವರಿಗೆ ಆ ಸದ್ದಿನ ಭಯ. ಡೋಲು ಬೇಡವೆಂದರು. ಜನ ಬಿದಿರಿನ ಬೊಂಬುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. ಅದಕ್ಕೂ ಅಡ್ಡಿ ಬಂತು. ಬಿಸ್ಕೀಟಿನ ಡಬ್ಬಿ, ಬಣ್ಣದ ಡಬ್ಬಿ, ಕೊನೆಗೆ ಎಸೆದ ಎಣ್ಣೆ ಬ್ಯಾರಲ್ಲು. ಹಾಗೆ ಬಡಿಯುತ್ತ ಬಡಿಯುತ್ತ ಅದರಲ್ಲೇ ಸ್ವರ ಕಂಡುಕೊಂಡರು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ನಾನೂ.

ಮಾರನೆಯ ದಿನ ಆಯ್ಕೆ. ವರ್ಗದಲ್ಲಿ ನಲವತ್ತೆರಡು ಮಕ್ಕಳು. ನಾನು ಯಾರ ಕೈಗೂ ಕೋಲು ಕೊಟ್ಟು ನೋಡಲಿಲ್ಲ. ಬೆರಳು ಮಾಡಿ ಆರು ಮಕ್ಕಳನ್ನು ಎಬ್ಬಿಸಿದೆ. ನಾಲ್ವರು ಬಾರಿಸುವುದು, ಇಬ್ಬರು ಬದಲಿಗೆ ಇರುವುದು. ಆರೂ ಮಕ್ಕಳು ಊರ ತುದಿಯ ಒಂದೇ ಕೇರಿಯವರು, ಹಿಂದೆ ಊರವರ ಮದುವೆಗೂ ಸಾವಿಗೂ ಹಲಗಿ ಬಾರಿಸುತ್ತಿದ್ದ ಮನೆಗಳವರು. ಯಾವ ಮಗು ಯಾವ ಓಣಿಯದೆಂದು ನಮ್ಮ ಶಾಲೆಗಳಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಗೊತ್ತಾಗಿರುತ್ತದೆ.

"ನಿಮಗೇನ ಕಲಸೂದೈತಿ? ತಾಳ ನಿಮ್ಮ ಕೈಯಾಗ ಹುಟ್ಟಿದ್ದೈತಿ," ಎಂದೆ, ಇಡೀ ವರ್ಗಕ್ಕೆ ಕೇಳುವಂತೆ. ಹೊಗಳುತ್ತಿದ್ದೇನೆ ಎಂದೇ ತಿಳಿದಿದ್ದೆ.

ಎದ್ದು ನಿಂತವರಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. "ಟೀಚರ್, ನಾ ಕಥಿ ಹೇಳತೇನ್ರಿ."

"ಕಥಿ ಹೇಳೂದು ಬ್ಯಾರೇದವರಿಗೆ ಕೊಡತೇನಿ. ನೀ ಬಾರಿಸು," ಎಂದೆ. ಕಥೆಗೆ ಕಿರಾಣಿ ಅಂಗಡಿಯವರ ಮಗಳನ್ನೂ ಡಾಕ್ಟರ ಮಗನನ್ನೂ ಆರಿಸಿದೆ, ಒಬ್ಬರು ತಪ್ಪಿದರೆ ಇನ್ನೊಬ್ಬರು ಇರಲಿ ಎಂದು. ಅವರ ಮಾತು ಪುಸ್ತಕದ ಮಾತಿನ ಹಾಗೆ ಶುದ್ಧ. ಒಂದು ಹಾಳೆಯಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ 'ಬಾರಿಸುವವರು', ಬಲಕ್ಕೆ 'ಮಾತನಾಡುವವರು' ಎಂದು ಬರೆದು, ಹೆಸರು ತುಂಬಿ ಗೋಡೆಗೆ ಅಂಟಿಸಿದೆ. ನನ್ನ ಅಕ್ಷರ ದುಂಡಗೆ. ಚೆನ್ನಾಗಿಯೇ ಕಾಣುತ್ತಿತ್ತು.

ಮೂರು ವಾರ ಯಾರೂ ಏನೂ ಅನ್ನಲಿಲ್ಲ. ಆ ಹುಡುಗಿ ಬೇಗ ಕಲಿತಳು. ಉಳಿದವರು ಉಬ್ಬು ಹುಡುಕುತ್ತಿದ್ದರೆ ಇವಳು ಮುಂದಿನ ಸಾಲಿನಲ್ಲಿರುತ್ತಿದ್ದಳು. ಮನೆಯಲ್ಲೂ ಪಾತ್ರೆ ಬೋರಲು ಹಾಕಿ ಅಭ್ಯಾಸ ಮಾಡುತ್ತಿದ್ದಳಂತೆ. ಅದನ್ನು ನೋಡಿಯೇ ಅಪ್ಪ ಕೇಳಿದ್ದಾರೆ, ಇದೇನು, ಯಾರು ಕಲಿಸಿದರು, ನಿನ್ನನ್ನೇ ಏಕೆ ಆರಿಸಿದರು ಎಂದು. ಹುಡುಗಿ ನಾನು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದ್ದಾಳೆ.

ಈಗ ಆ ಅಪ್ಪ ಬಾಗಿಲಲ್ಲಿದ್ದರು.

"ಯಾವ ದೇಶದ್ದರ ಇರಲ್ರಿ," ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. "ಕಲಿಸಿದ್ದಕ್ಕ ನಾ ಬಂದಿಲ್ಲ. ಆಕಿನ್ನ ಆರಿಸೂಕಿಂತ ಮೊದಲ ಆಕಿ ಬಾರಿಸೂದು ಕೇಳಿದ್ರೇನ್ರಿ?"

ನಾನು ಮೇಜಿನ ಮೇಲಿನ ಪುಸ್ತಕಗಳನ್ನು ಜೋಡಿಸತೊಡಗಿದೆ.

"ಉಳದ ಐದ ಮಂದೀದು?"

"ಚಲೋ ಬಾರಸಾಕತ್ತಾರಲ್ರಿ. ನಿಮ್ಮ ಮಗಳಂತೂ ಎಲ್ಲಾರಕಿಂತ ಚಲೋ. ತಪ್ಪೇನೈತಿ ಇದರಾಗ?"

"ಅದು ಈಗಿನ ಮಾತಾತು. ಎಬ್ಬಿಸಿ ನಿಲ್ಲಿಸಿದಾಗ ನಿಮಗೇನ ಗೊತ್ತಿತ್ತು? ನಮ್ಮ ಓಣಿ ಗೊತ್ತಿತ್ತು." ಅವರ ಕಣ್ಣು ಗೋಡೆಯ ಹಾಳೆಯ ಮೇಲೆ ಬಿತ್ತು. ಹತ್ತಿರ ಹೋಗಿ ಎಡಗಡೆಯ ಆರು ಹೆಸರುಗಳನ್ನು ಓದಿದರು. ಬಲಗಡೆಯ ಎರಡು ಹೆಸರುಗಳನ್ನೂ ಓದಿದರು. "ಬಡಿಯಾವರು ನಾವು, ಮಾತಾಡಾವರು ನೀವು. ನಮ್ಮಪ್ಪ ಹಲಗಿ ಬಿಟ್ಟು ಮೂವತ್ತ ವರ್ಷಾತ್ರಿ. ಅಂವ ಬಿಟ್ಟಿದ್ದನ್ನ ತಂದು ನನ್ನ ಮಗಳ ಕೈಯಾಗ ಇಟ್ಟೀರಿ. ಮ್ಯಾಲ ಶಾಭಾಸ್ ಬ್ಯಾರೆ."

ಬಸ್ಸಿನ ಹಾರ್ನ್ ಕೇಳಿಸಿತು. ಡ್ರೈವರ್ ಎರಡು ಸಲ, ಆಮೇಲೆ ಉದ್ದಕ್ಕೆ ಒಂದು ಸಲ ಒತ್ತಿದ.

"ಆಕಿ ಸಾಲಿಗೆ ಬರತಾಳ. ಬಬಲೇಶ್ವರಕ್ಕ ಬರೂದಿಲ್ಲ," ಎಂದು ಅವರು ನಡೆದೇಬಿಟ್ಟರು. ಕಾರ್ಯಕ್ರಮಕ್ಕೆ ಹನ್ನೆರಡು ದಿನ ಇತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ನಾಚಿಕೆಯಿಂದ ಎಂದು ಬರೆಯುವ ಆಸೆಯಾಗುತ್ತದೆ. ಸುಳ್ಳು. ಸಿಟ್ಟಿನಿಂದಲೇ. ನೇರ ಹೆಡ್‌ಮಾಸ್ತರರ ಕೋಣೆಗೆ ಹೋಗಿ, "ವಾದ್ಯದಾಗೂ ಜಾತಿ ಹುಡುಕ್ತಾರ್ರೀ ಸರ್ ಈ ಮಂದಿ," ಎಂದೆ. ಅವರು ಅರಕೇರಿಯ ತಮ್ಮ ಹೊಲದ ಲೆಕ್ಕದಲ್ಲೋ ಏನೋ ಇದ್ದರು, ತಲೆ ಎತ್ತದೆ, "ಹೋಗ್ಲಿ ಬಿಡ್ರಿ ಮೇಡಂ. ಬ್ಯಾರೆ ಹುಡುಗೀನ ತಗೋರಿ," ಎಂದರು.

ಶಾಲೆ ಬಿಟ್ಟ ಮೇಲೆ ಹಾಜರಿ ಪುಸ್ತಕ ತೆರೆದು, ಅವಳ ಜಾಗಕ್ಕೆ ಯಾರನ್ನು ಹಾಕಲಿ ಎಂದು ಪೆನ್ನು ಹಿಡಿದು ಕುಳಿತೆ. ಹೆಸರುಗಳ ಮೇಲೆ ಕಣ್ಣು ಇಳಿಯುತ್ತ ಹೋಯಿತು. ಒಂದು ಹೆಸರಿನ ಹತ್ತಿರ ನಿಂತಿತು. ಕೇರಿಯ ಏಳನೆಯ ಮಗು. ಆ ಹುಡುಗ ಬಾರಿಸುವುದನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಮೇಲಿನ ಹತ್ತೊಂಬತ್ತು ಹೆಸರುಗಳನ್ನು ಹಾರಿಸಿಕೊಂಡು ನನ್ನ ಕಣ್ಣು ತಾನಾಗಿಯೇ ಅಲ್ಲಿಗೆ ಹೋಗಿತ್ತು.

ನಾಚಿಕೆ ಬಂದದ್ದು ಆಗ. ಆ ಮನುಷ್ಯ ಬೆಳಿಗ್ಗೆ ನನ್ನ ಎದುರು ನಿಂತು ಹೇಳಿದ್ದನ್ನು ಸಂಜೆ ನಾನೇ ಮತ್ತೊಮ್ಮೆ ಮಾಡುತ್ತಿದ್ದೆ, ಯಾರ ಒತ್ತಾಯವೂ ಇಲ್ಲದೆ. ಕೊಡಪಾನದ ದನಿ ಕೇಳದೆ ಮಾರದ ಮನೆಯ ಮಗಳು ನಾನು, ಮಕ್ಕಳ ವಿಷಯದಲ್ಲಿ ಕಿವಿಯನ್ನೇ ಬಳಸಿರಲಿಲ್ಲ.

ಮರುದಿನ ಅದೇ ಬಸ್ಸು ಹತ್ತಿದೆ. ಹೆಣ್ಣುಮಕ್ಕಳಿಗೆ ಈಗ ಬಸ್ಸು ಪುಕ್ಕಟೆ, ಆದರೆ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಕಂಡಕ್ಟರ ಕೈಯಿಂದ ತೆಗೆದುಕೊಳ್ಳಲೇಬೇಕು. ಅವರು ಯಂತ್ರ ಒತ್ತಿದರು, ಚೀಟಿ ಹರಿದರು, ನನ್ನ ಕಡೆ ನೋಡದೆ ಚಾಚಿದರು. ಮೂರು ದಿನ ಹೀಗೇ ಆಯಿತು. ಅಕ್ಕಪಕ್ಕದಲ್ಲಿ ದಿನಾ ಬರುವ ಬ್ಯಾಂಕಿನವರು, ಪಂಚಾಯಿತಿಯವರು, ಸಂತೆಗೆ ಹೊರಟವರು. ಯಾರಿಗೂ ಏನೂ ಗೊತ್ತಿರಲಿಲ್ಲ, ಆದರೂ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು.

ನಾಲ್ಕನೆಯ ದಿನ ಅವರ ಸೀಟಿನ ಪಕ್ಕದಲ್ಲೇ ಕುಳಿತೆ. ಊರು ದಾಟಿದ ಮೇಲೆ, ಅವರಿಗಷ್ಟೇ ಕೇಳುವ ಹಾಗೆ, "ನಂದು ತಪ್ಪಾತ್ರಿ," ಎಂದೆ.

ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದರು. "ಅಲ್ಲಿ ನಲವತ್ತ ಮಕ್ಕಳ ಮುಂದ ಅಂದೀರಿ. ಇಲ್ಲಿ ನನ್ನೊಬ್ಬನ ಕಿವ್ಯಾಗ ಹೇಳಿದ್ರ ಹೆಂಗ್ರಿ ಟೀಚರ್? ಎಲ್ಲಿ ಅಂದ್ರೋ ಅಲ್ಲೇ ಹೇಳ್ರಿ." ಅಷ್ಟು ಹೇಳಿ ಹಿಂದಿನ ಸೀಟುಗಳ ಕಡೆ ಹೊರಟುಹೋದರು.

ಹದಿನೇಳು ವರ್ಷದ ನೌಕರಿಯಲ್ಲಿ ನಾನು ಮಕ್ಕಳ ಎದುರು ತಪ್ಪಾಯಿತು ಎಂದವಳಲ್ಲ. ಬೋರ್ಡಿನ ಮೇಲೆ ಲೆಕ್ಕ ತಪ್ಪಿದರೂ, "ನೀವು ನೋಡತೀರೋ ಇಲ್ಲೋ ಅಂತ ಪರೀಕ್ಷಾ ಮಾಡಿದೆ," ಎಂದು ತೇಲಿಸಿಬಿಡುವ ಪೈಕಿ. ಅವತ್ತು ಮೊದಲ ಪಿರಿಯಡ್‌ನಲ್ಲಿ ಗೋಡೆಯ ಹಾಳೆ ಕಿತ್ತು ಮೇಜಿನ ಮೇಲಿಟ್ಟೆ.

"ಈ ಪಟ್ಟಿ ತಪ್ಪೈತಿ," ಎಂದೆ. "ನಾನು ಯಾರದೂ ಕೈ ಕೇಳಲಿಲ್ಲ, ಯಾರದೂ ಮಾತು ಕೇಳಲಿಲ್ಲ. ಯಾವ ಓಣಿಯವರು ಅನ್ನೂದು ನೋಡಿ ಬರದೆ. ತಾಳ ನಿಮ್ಮ ಕೈಯಾಗ ಹುಟ್ಟಿದ್ದು ಅಂತ ಅಂದಿದ್ದೆ. ಹಂಗ ಅನ್ನಬಾರದಾಗಿತ್ತು. ತಪ್ಪಾತು."

ಆ ಹುಡುಗಿ ಬೆಂಚಿನ ಅಂಚನ್ನೇ ನೋಡುತ್ತಿದ್ದಳು. ಆರಿಸಿದ ಆರು ಜನರಲ್ಲಿ ಒಬ್ಬ ಹುಡುಗ ಎದ್ದು ನಿಂತ. "ಅಂದ್ರ ನಮ್ಮನ್ನ ತಗದ ಬಿಡತೀರೇನ್ರಿ ಟೀಚರ್?"

ತಪ್ಪು ನನ್ನದು, ವಾದ್ಯ ಕಳೆದುಕೊಳ್ಳುವ ಭಯ ಅವನದು. "ಎಲ್ಲಾರು ಬಾರಿಸೂದೂ ಕೇಳತೇನಪ್ಪಾ. ನಿಂದೂ ಕೇಳತೇನಿ," ಎಂದೆ.

ಎರಡು ದಿನ ಬಿಟ್ಟು ನಾನು ಬೋರ್ಡಿನ ಕಡೆ ಮುಖ ಮಾಡಿ ಕುಳಿತೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಧಾಟಿಯ ಮೊದಲ ಎರಡು ಸಾಲು ಬಾರಿಸಬೇಕು, ಹೆಸರು ಹೇಳಬಾರದು. ಹುಡುಗಿಯೊಬ್ಬಳು ಬಂದ ಸರದಿಯ ಸಂಖ್ಯೆ ಕೂಗಿ, ಅದು ಯಾರದೆಂದು ಬರೆದಿಟ್ಟುಕೊಳ್ಳಬೇಕು. ಕಲಿತವರಿಗೂ ಕಲಿಯದವರಿಗೂ ಒಂದೇ ಅಳತೆ ಆಗಬಾರದೆಂದು ಆ ಎರಡು ದಿನ ಆರು ಮಂದಿಯಿಂದ ಉಳಿದವರಿಗೆ ಹೇಳಿಕೊಡಿಸಿದ್ದೆ. ಮೂರು ಪಿರಿಯಡ್ ಹಿಡಿಯಿತು. ಡಾಕ್ಟರ ಮಗ ಇರಬೇಕು, ಎರಡು ಸಾಲನ್ನು ಮೂರು ವೇಗದಲ್ಲಿ ಬಾರಿಸಿದ. ವರ್ಗವೆಲ್ಲ ನಕ್ಕಿತು, ಅವನೂ ನಕ್ಕ. ಆಮೇಲೆ ಹೆಸರು ನೋಡಿದರೆ, ಕಿರಾಣಿ ಅಂಗಡಿಯವರ ಮಗಳ ಕೈ ನಾನು ನಿರೀಕ್ಷಿಸದಷ್ಟು ಹಗುರಾಗಿತ್ತು. ಕೇರಿಯ ಆರು ಜನರಲ್ಲಿ ಮೂವರು ಉಳಿದರು, ಮೂವರು ಹೊರಗೆ ಬಿದ್ದರು. ಅವತ್ತು ಎದ್ದು ಕೇಳಿದ್ದ ಹುಡುಗ ಹೊರಗೆ ಬಿದ್ದ, ಮುಖ ತಿರುಗಿಸಿಕೊಂಡು ಅತ್ತ. ಅವನಿಗೆ ನಾನು ಎರಡು ಸಲ ಅನ್ಯಾಯ ಮಾಡಿದಂತಾಯಿತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಒಂದು ಸಂಖ್ಯೆಗೆ ಬಂದ ದನಿ ಮಾತ್ರ ಬೇರೆಯೇ ಇತ್ತು. ಪ್ರತಿ ಸ್ವರವೂ ತನ್ನಷ್ಟಕ್ಕೆ ಅರಳಿ ಮುಂದಿನದಕ್ಕೆ ದಾರಿ ಬಿಡುತ್ತಿತ್ತು. ತಿರುಗಿ ನೋಡುವ ಅಗತ್ಯವೇ ಇರಲಿಲ್ಲ.

ಕೊನೆಗೆ ಅವಳನ್ನು ಎಬ್ಬಿಸಿ, "ನಿನಗ ಏನ ಮಾಡಬೇಕಂತೈತಿ?" ಎಂದು ಕೇಳಿದೆ. ಮೊದಲೇ ಕೇಳಬೇಕಿದ್ದ ಪ್ರಶ್ನೆ.

"ಕಥಿ ಹೇಳತೇನ್ರಿ."

"ಬಾರಿಸೂದು?"

"ಬಾರಿಸಾಕ ಬರತೈತ್ರಿ. ಈ ಸಲ ಬ್ಯಾಡ್ರಿ."

"ಮನ್ಯಾಗ ಏನಂತಾರ? ಕಳಸ್ತಾರ?"

"ಅಪ್ಪಗ ಹೇಳತೇನ್ರಿ, ನೀವು ವರ್ಗದಾಗ ಏನ ಹೇಳಿದ್ರಿ ಅಂತ. ಆಮ್ಯಾಲ ಅಂವ ಹೇಳಿದಂಗ."

ಮರುದಿನ ಬಸ್ಸಿನಲ್ಲಿ ಅವರು ಟಿಕೆಟ್ ಚಾಚಿ, ಈ ಸಲ ನನ್ನ ಮುಖ ನೋಡಿದರು. "ಹೇಳಿದ್ರಂತ," ಎಂದರು.

"ಹೇಳಿದೆ."

"ಹೂಂ. ಬರತಾಳ." ನಮಸ್ಕಾರ ಇನ್ನೂ ತಿರುಗಿ ಬಂದಿರಲಿಲ್ಲ.

ಹೆಡ್‌ಮಾಸ್ತರರು ವಿಷಯ ತಿಳಿದು ತಲೆ ಮೇಲೆ ಕೈ ಹೊತ್ತರು. ಚೆನ್ನಾಗಿ ಬಾರಿಸುವವಳನ್ನು ಮಾತಿಗೆ ಹಾಕಿದ್ದೀರಿ, ಚೆನ್ನಾಗಿ ಮಾತಾಡುವವಳನ್ನು ಬಾರಿಸಲು ಹಾಕಿದ್ದೀರಿ, ಇದೆಲ್ಲಿಯ ನ್ಯಾಯ ಎಂದರು. ಐದು ದಿನ ಉಳಿದಿತ್ತು. ಶಿಕ್ಷಣ ಇಲಾಖೆಯ ಅಧಿಕಾರಿಗಳು ಬರುವವರಿದ್ದರು. "ಆಯ್ತು, ಆಕಿ ಭಾಷಣ ಒಂದ ಸಲ ತೋರಸ್ರಿ," ಎಂದರು.

ಭಾಷಣ ನನ್ನ ಬಳಿಯೂ ಇರಲಿಲ್ಲ. ಕೇಳಿದೆ. "ಇನ್ನಾ ಬರಿಯಾಕತ್ತೇನ್ರಿ," ಎಂದಳು. ಮಾರನೆಯ ದಿನ ಕೇಳಿದೆ. "ಇನ್ನಾ ಒಂದ ಪ್ಯಾರಾ ಉಳದೈತ್ರಿ." ಹೊರಡುವ ಹಿಂದಿನ ದಿನ ಮೂರನೆಯ ಸಲ ಕೇಳಿದೆ, ಸ್ವಲ್ಪ ಗದರಿಯೇ. "ಬಾಯಿಪಾಠ ಆಗೇತ್ರಿ, ಹಾಳಿ ಮನ್ಯಾಗ ಬಿಟ್ಟು ಬಂದೇನಿ," ಎಂದಳು. ಆ ವಯಸ್ಸಿನ ಮಕ್ಕಳು ಸುಳ್ಳು ಹೇಳುವಾಗ ಕಾಲ್ಬೆರಳು ನೋಡುತ್ತಾರೆ. ಇವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು.

ಏನು ಬರೆದಿರಬಹುದು? ನಾನು ಆಡಿದ ಮಾತನ್ನು ವೇದಿಕೆಯ ಮೇಲೆ, ಮೂರು ಶಾಲೆಗಳ ಎದುರು, ಅಧಿಕಾರಿಗಳ ಎದುರು ಹೇಳಿದರೆ? ಹೇಳಲು ಅವಳಿಗೆ ಹಕ್ಕಿತ್ತು. ಆದರೆ ಹಕ್ಕಿದೆ ಎಂದು ಒಪ್ಪುವುದು ಬೇರೆ, ತನ್ನ ಹೆಸರು ಮೈಕಿನಲ್ಲಿ ಕೇಳಿಸಿಕೊಳ್ಳುವುದು ಬೇರೆ. ಹೆಡ್‌ಮಾಸ್ತರರು, "ಅಕಸ್ಮಾತ್ ಏನರ ಅಂದ್ರ ಮೈಕ್ ಬಂದ್ ಮಾಡಸ್ತೇನಿ," ಎಂದರು. "ಮಾಡಸಬ್ಯಾಡ್ರಿ," ಎಂದೆ. ಧೈರ್ಯದಿಂದ ಅಂದೆ ಎನ್ನಲಾರೆ. ಆ ಭಾಷಣ ನನಗೆ ಬಾಯಲ್ಲಿನ ಬಿಸಿತುಪ್ಪವಾಗಿತ್ತು, ಉಗುಳಲೂ ಆಗದು, ನುಂಗಲೂ ಆಗದು.

ಒಂದು ಕ್ರೂಸರ್ ಜೀಪು ಗೊತ್ತುಮಾಡಿ ಮಕ್ಕಳನ್ನು ತುಂಬಿಕೊಂಡು ಹೊರಟೆವು. ಪ್ಯಾನುಗಳನ್ನು ಕೌದಿಯಲ್ಲಿ ಸುತ್ತಿ, ಬಾಣಂತಿ ಕೂಸು ಹಿಡಿದ ಹಾಗೆ ನಾಲ್ವರು ತೊಡೆಯ ಮೇಲಿಟ್ಟುಕೊಂಡಿದ್ದರು. ಹುಡುಗಿ ಕಿಟಕಿಯ ಪಕ್ಕ ಕುಳಿತು ತುಟಿ ಅಲ್ಲಾಡಿಸುತ್ತಿದ್ದಳು. ಏನು ಹೇಳಿಕೊಳ್ಳುತ್ತಿದ್ದಾಳೆಂದು ಕೇಳಲು ನಾನು ಎಷ್ಟು ಬಗ್ಗಿದರೂ ಗಾಡಿಯ ಸದ್ದಿನಲ್ಲಿ ಕೇಳಿಸಲಿಲ್ಲ.

ಬಬಲೇಶ್ವರದ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮಧ್ಯಾಹ್ನದ ಬಿಸಿಲಿಗೆ ಪ್ಯಾನು ಕಾದರೆ ಶ್ರುತಿ ಏರುಪೇರಾಗುತ್ತದೆಂದು ಅವನ್ನು ವರಾಂಡದ ನೆರಳಲ್ಲಿಟ್ಟು ಕಾವಲು ಕುಳಿತೆವು. ಮೊದಲೆರಡು ಶಾಲೆಗಳು ಮುಗಿದವು. ಮಾತಾಡಿದ ಮಕ್ಕಳು ಮಾನ್ಯರೇ ಗಣ್ಯರೇ ಎಂದು ಶುರುಮಾಡಿ, ಟ್ರಿನಿಡಾಡ್ ಎಲ್ಲಿದೆ, ಪ್ಯಾನಿಗೆ ಎಷ್ಟು ಸ್ವರ ಎಂದು ಓದಿ ಕುಳಿತರು. ಆಮೇಲೆ ನಮ್ಮ ಶಾಲೆಯ ಹೆಸರು ಕರೆದರು. ಶಾಮಿಯಾನದ ಕೊನೆಯ ಕಂಬದ ಬಳಿ ಖಾಕಿ ಬಟ್ಟೆ ಕಂಡಿತು. ಕಂಡಕ್ಟರು ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದರು. ಖಾಲಿ ಕುರ್ಚಿಗಳಿದ್ದರೂ ಕುಳಿತಿರಲಿಲ್ಲ.

ಹುಡುಗಿ ಕೈಯಲ್ಲಿ ಹಾಳೆಯಿಲ್ಲದೆ ಮೈಕಿನ ಮುಂದೆ ನಿಂತಳು. ಪುಸ್ತಕದ ಮಾತು ಆಡಲಿಲ್ಲ.

"ಟ್ರಿನಿಡಾಡಿನ್ಯಾಗ ಆಳಾವರು ಡೋಲು ಬಾರಿಸಬ್ಯಾಡ ಅಂದ್ರು," ಎಂದು ಶುರುಮಾಡಿದಳು. "ಮಂದಿ ಬಿದರಿನ ಬೊಂಬು ಕುಟ್ಟಿದ್ರು. ಅದಕ್ಕೂ ಅಡ್ಡ ಬಂದ್ರು. ಡಬ್ಬಿ ಬಾರಿಸಿದ್ರು. ಕಡೀಕ ಯಾರಿಗೂ ಬ್ಯಾಡಾದ ಬ್ಯಾರಲ್ ತಂದು ಈ ವಾದ್ಯ ಮಾಡಿದ್ರು. ಬಾರಿಸೂದು ಮಾತ್ರ ಬಿಡಲಿಲ್ಲ."

ಇಲ್ಲಿಗೆ ಮುಗಿಯಬಹುದೆಂದು ಹೆಡ್‌ಮಾಸ್ತರರು ಚಪ್ಪಾಳೆಗೆ ಕೈ ಎತ್ತಿದರು. ಅವಳು ನಿಲ್ಲಿಸಲಿಲ್ಲ.

"ನಮ್ಮ ಅಜ್ಜ ಹಲಗಿ ಬಾರಿಸ್ತಿದ್ದ. ಊರಾಗ ಯಾರರ ಸತ್ರ ಕರೆ ಬರ್ತಿತ್ತು. ಜ್ವರ ಬಂದ್ರೂ ಹೋಗಬೇಕು, ಸುಗ್ಗಿ ಇದ್ರೂ ಹೋಗಬೇಕು. ಒಲ್ಲೆ ಅನ್ನಾಂಗಿರಲಿಲ್ಲ. ಒಂದ ದಿನ ಒಲ್ಲೆ ಅಂದ. ಹಲಗಿ ಚರ್ಮ ಹರದು ಒಲಿಗೆ ಹಾಕಿದ. ಆವತ್ತಿನಿಂದ ಕೂಲಿಗೆ ಯಾರೂ ಕರಿಯಲಿಲ್ಲ, ಆದ್ರೂ ಬಾರಿಸಲಿಲ್ಲ." ಅವಳು ಒಂದು ಸಲ ಉಸಿರೆಳೆದುಕೊಂಡಳು. "ಅಲ್ಲಿ ಬಾರಿಸಬ್ಯಾಡ ಅಂದ್ರು, ಅವರು ಬಾರಿಸಿದ್ರು. ಇಲ್ಲಿ ಬಾರಿಸು ಅಂದ್ರು, ನಮ್ಮಜ್ಜ ಬಿಟ್ಟ. ನನಗ ಎರಡೂ ಒಂದ ಅನಸ್ತಾವು."

ಮುಂದೆ ನನ್ನ ಹೆಸರೇ ಬರುತ್ತದೆಂದು ಕಾಯುತ್ತಿದ್ದೆ. ಸೆರಗಿನ ತುದಿ ಬೆರಳಿನಲ್ಲಿ ಹುರಿಯಾಗಿತ್ತು.

"ಈಗ ನಮ್ಮ ಸಾಲಿ ನಾಲ್ಕ ಮಂದಿ ಬಾರಸ್ತಾರ. ಇವರು ಬಾರಿಸಿದ್ದು ಕೇಳಿ ಆರಿಸ್ಯಾರ," ಎಂದು ಹೇಳಿ, ಕೈ ಮುಗಿದು ಇಳಿದಳು.

ಅಷ್ಟೇ. ನನ್ನ ಬಗ್ಗೆ ಅಷ್ಟೇ. ಯಾರಿಗೂ ಅದರ ಅರ್ಥ ಆಗಿರಲಾರದು. ನನಗೂ ಕಂಬದ ಬಳಿ ನಿಂತವರಿಗೂ ಆಗಿತ್ತು.

ಮಕ್ಕಳು ಬಾರಿಸಿದರು. ಐದನೆಯ ಸಾಲಿನಲ್ಲಿ ಕಿರಾಣಿ ಅಂಗಡಿಯವರ ಮಗಳು ತಪ್ಪಿದಳು, ಪಕ್ಕದ ಹುಡುಗ ಕಣ್ಣಿನಲ್ಲೇ ಎಳೆದುಕೊಂಡ, ಮತ್ತೆ ಸೇರಿದಳು. ನಮಗೆ ಬಹುಮಾನವೇನೂ ಬರಲಿಲ್ಲ. ಬಹುಮಾನ ಇಟ್ಟೂ ಇರಲಿಲ್ಲ.

ಮುಗಿದ ಮೇಲೆ ಅಧಿಕಾರಿಯೊಬ್ಬರು ಚಹಾದ ಕಪ್ ಹಿಡಿದು ನಮ್ಮ ಕಡೆ ಬಂದರು. ಹೆಡ್‌ಮಾಸ್ತರರು ಓಡಿ ಬಂದು ಪಕ್ಕದಲ್ಲಿ ನಿಂತರು. ಕಂಡಕ್ಟರು ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು.

"ಭಾಷಣ ಭಾರಿ ಬರಕೊಟ್ಟೀರಿ ಮೇಡಂ," ಎಂದರು ಅಧಿಕಾರಿ, ನನಗೆ.

ನಾನು ಬಾಯಿ ತೆರೆಯುವ ಮುಂಚೆ ಹುಡುಗಿ, "ನಾನ ಬರದೇನ್ರಿ ಸರ್," ಎಂದಳು.

"ಹೌದಾ? ಟೀಚರ್ ತಿದ್ದಿ ಕೊಟ್ಟಿರಬೇಕು."

"ಇಲ್ರಿ. ಮೂರ ಸಲ ಕೇಳಿದ್ರು. ನಾ ತೋರಸಲಿಲ್ಲ."

"ಯಾಕವ್ವಾ?"

"ತೋರಿಸಿದ್ರ ಟೀಚರ್ ನಮ್ಮಜ್ಜನ ಮಾತು ತಗೀತಿದ್ರು."

ಹೆಡ್‌ಮಾಸ್ತರರು ಜೋರಾಗಿ ನಕ್ಕರು, ಮಾತು ಹಗುರಾಗಲೆಂದು. ಅಧಿಕಾರಿಯೂ ನಕ್ಕರು. ಕಂಡಕ್ಟರು ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಛೆ, ನಾನು ಹಾಗೆ ಮಾಡುತ್ತೇನೆಯೇ ಎಂದು ಅನ್ನಲು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಎಲ್ಲರೂ ನಂಬುತ್ತಿದ್ದರು, ಅವರಿಬ್ಬರನ್ನು ಬಿಟ್ಟು. ಆ ಹಾಳೆ ನನ್ನ ಕೈಗೆ ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೆಂಪು ಪೆನ್ನಿನಿಂದ ಆ ಸಾಲುಗಳ ಮೇಲೆ ಗೆರೆ ಎಳೆದು, ವಿಷಯಕ್ಕೆ ಸಂಬಂಧವಿಲ್ಲ ಎಂದು ಪಕ್ಕದಲ್ಲಿ ಬರೆದು, ಉಳಿದದ್ದು ಚೆನ್ನಾಗಿದೆ ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದೆ.

"ಹೌದ್ರಿ ಸರ್," ಎಂದೆ. "ತಗೀತಿದ್ದೆ."